ಬೆಳಗಾವಿಗೆ ಹೊಸದಾಗಿ ಬಂದವರಿಗೆ: ಕಾರ್ಡಿನ ಉದ್ರಿ

ವರ್ಗಾವಣೆ ಆದೇಶ ಕೈಗೆ ಬಂದು, ಸಾಮಾನಿನ ಲಾರಿ ಬೆಳಗಾವಿ ಮುಟ್ಟಿ, ಹೊಸ ಆಫೀಸಿನ ಮೊದಲ ಪಗಾರ ಖಾತೆಗೆ ಬೀಳುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಎರಡು ತಿಂಗಳು ಕಳೆದಿರುತ್ತದೆ. ಆ ನಡುವಿನ ಖರ್ಚೆಲ್ಲ ಕ್ರೆಡಿಟ್ ಕಾರ್ಡಿನ ಮೇಲೆ ಹತ್ತಿ ಕೂತಿರುತ್ತದೆ. ಮನೆ ಡಿಪಾಜಿಟ್‌ಗೆ ಉಳಿತಾಯ ಬರಿದಾಯಿತು, ಜೂನ್‌ನಲ್ಲಿ ಶಾಲೆ ಫೀ ಬಂತು, ಲಾರಿಯಲ್ಲಿ ಬಂದ ಫ್ರಿಜ್ ಚಾಲೂ ಆಗಲಿಲ್ಲ. ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಇಲ್ಲಿಯ ಮಳೆಯೇ ಒಂದು ಹೊಸ ಖರ್ಚು: ಮನೆಮಂದಿಗೆಲ್ಲ ರೇನ್‌ಕೋಟ್, ಮಕ್ಕಳಿಗೆ ಎರಡೆರಡು ಜೊತೆ ಯೂನಿಫಾರ್ಮ್, ಯಾಕೆಂದರೆ ಜುಲೈನಲ್ಲಿ ಒಂದು ಜೊತೆ ಒಣಗುವುದೇ ಇಲ್ಲ.

ಮನೆ, ಶಾಲೆ, ಗ್ಯಾಸ್ ಬಗ್ಗೆ ನಮ್ಮ ಸಂಘ, ಊರಿಗೆ ಹೊಸದಾಗಿ ಬಂದವರಿಗೆ ನೆರವಾಗುವ ಸಂಘ, ಬರೆದದ್ದನ್ನು ಎಲ್ಲರೂ ಬಂದ ವಾರವೇ ಓದುತ್ತಾರೆ. ಕಾರ್ಡಿನ ಬಾಕಿ ಹಿಡಿದುಕೊಂಡು ನಮ್ಮ ಹತ್ತಿರ ಬರುವವರು ಮಾತ್ರ ಬರುವುದು ಎಂಟು-ಹತ್ತು ತಿಂಗಳಾದ ಮೇಲೆ. ಸ್ಟೇಟ್‌ಮೆಂಟನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿನಲ್ಲಿಟ್ಟುಕೊಂಡಿರುತ್ತಾರೆ, ಚಹಾ ಮುಗಿಯುವವರೆಗೂ ಹೊರಗೆ ತೆಗೆಯುವುದಿಲ್ಲ.

ಈ ಕಡೆ ಅಂಗಡಿ ಸಾಲಕ್ಕೆ ಉದ್ರಿ ಅನ್ನುತ್ತಾರೆ. ದಕ್ಷಿಣದ ಜಿಲ್ಲೆಗಳಿಂದ ಬಂದವರು ಈ ಶಬ್ದವನ್ನು ಮೊದಲು ಕಲಿಯಬೇಕು. ಟಿಳಕವಾಡಿಯಲ್ಲಿ ನಾವು ಮೊದಲು ಇದ್ದ ಮನೆಯ ಕೆಳಗಿನ ಕಿರಾಣಿ ಅಂಗಡಿಯಲ್ಲಿ ಕೆಂಪು ಬಟ್ಟೆ ಹೊದಿಸಿದ ಉದ್ದನೆಯ ವಹಿ ಇತ್ತು. ಅದರಲ್ಲಿ ನಮ್ಮ ಹೆಸರಿರಲಿಲ್ಲ, ‘ಮೇಲಿನ ಮನಿ’ ಅಂತ ಇತ್ತು. ಎರಡು ತಿಂಗಳು ಬಾಕಿ ಉಳಿಯಿತು ಅನ್ನಿ, ಅಂಗಡಿಯವರು ಸಕ್ಕರೆ ತೂಗುವ ಕೈ ನಿಲ್ಲಿಸಿ, ‘ಹ್ವಾದ ತಿಂಗಳದ್ದು ಸ್ವಲ್ಪ ಉಳದದಲ್ರೀ’ ಅನ್ನುತ್ತಿದ್ದರು. ಹಿಂದೆ ನಿಂತ ನಾಲ್ಕು ಜನರಿಗೆ ಕೇಳುವಷ್ಟು ಮೆಲ್ಲಗೆ. ಅಷ್ಟು ಸಾಕಿತ್ತು. ಕಾರ್ಡೂ ಉದ್ರಿಯೇ, ಆದರೆ ಅದರಲ್ಲಿ ತೂಗುವ ಕೈ ನಿಲ್ಲುವುದಿಲ್ಲ. ಬಾಕಿ ಬೆಳೆದಂತೆ ‘ನಿಮ್ಮ ಲಿಮಿಟ್ ಹೆಚ್ಚಿಸಲೇ?’ ಎಂಬ ಮೆಸೇಜು ಬರುತ್ತದೆ. ಒಪ್ಪಬೇಕಿಲ್ಲ. ನಿಮ್ಮ ಒಪ್ಪಿಗೆ ಇಲ್ಲದೆ ಲಿಮಿಟ್ ಹೆಚ್ಚಿಸಬಾರದು, ಕೇಳದ ಕಾರ್ಡನ್ನು ಮನೆಗೆ ಕಳಿಸಬಾರದು ಎಂದು ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ಇದೆ.

ಈಗ ಆ ಮಡಚಿದ ಕಾಗದ ಬಿಚ್ಚೋಣ. ಮೊದಲ ಪುಟದಲ್ಲಿ ಎರಡು ಅಂಕಿ ಪಕ್ಕಪಕ್ಕ ಇರುತ್ತವೆ: ಒಟ್ಟು ಬಾಕಿ, ಕನಿಷ್ಠ ಪಾವತಿ. ಕನಿಷ್ಠ ಪಾವತಿ ಸಾಮಾನ್ಯವಾಗಿ ಬಾಕಿಯ ಶೇ. 5ರ ಆಸುಪಾಸು. ‘ಮಿನಿಮಮ್ ತಪ್ಪದ ಕಟ್ಟೀನ್ರೀ, ಆದ್ರೂ ಸಾಲ ಯಾಕ ಇಳೀವಲ್ದು?’ ಅನ್ನುವುದು ನಾವು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ. ಬಾಕಿ 60,000 ರೂಪಾಯಿ ಇದೆ ಎಂದುಕೊಳ್ಳಿ. ತಿಂಗಳಿಗೆ ಶೇ. 3.5 ಬಡ್ಡಿ, ಅಂದರೆ ವರ್ಷಕ್ಕೆ ಶೇ. 42. ಕಾರ್ಡುಗಳಲ್ಲಿ ಇದೇನೂ ಅಪರೂಪದ ದರವಲ್ಲ. ಒಂದು ತಿಂಗಳ ಬಡ್ಡಿ 2,100 ರೂಪಾಯಿ. ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, 378 ರೂಪಾಯಿ. ಎರಡೂ ಸೇರಿ 2,478. ನೀವು ಕಟ್ಟಿದ್ದು 3,000. ಅಸಲಿಗೆ ಹೋದದ್ದು ಬರೀ 522 ರೂಪಾಯಿ. ಹೀಗೆ ಪ್ರತಿ ತಿಂಗಳೂ ಬಾಕಿಯ ಶೇ. 5 ಮಾತ್ರ ಕಟ್ಟುತ್ತ ಹೋದರೆ, ಕಾರ್ಡಿನ ಮೇಲೆ ಹೊಸದಾಗಿ ಒಂದು ಪೈಸೆ ಖರ್ಚು ಮಾಡದಿದ್ದರೂ, ಬಾಕಿ ಅರ್ಧಕ್ಕೆ ಇಳಿಯಲು ಐದು ವರ್ಷ ದಾಟುತ್ತದೆ. ಹಟ ಹಿಡಿದು ತಿಂಗಳಿಗೆ ಸರಿಯಾಗಿ 3,000 ಕಟ್ಟಿದರೂ 43 ತಿಂಗಳು ದಾಟುತ್ತದೆ, ಒಟ್ಟು ಸುಮಾರು 1.3 ಲಕ್ಷ ರೂಪಾಯಿ.

ಹೊಸ ಪೈಸೆ ಖರ್ಚು ಮಾಡದಿದ್ದರೆ ಅಂದೆ. ಅದು ಮುಖ್ಯ. ಬಿಲ್ ಪೂರ್ತಿ ಕಟ್ಟುವವರಿಗೆ 45-50 ದಿನಗಳವರೆಗೆ ಬಡ್ಡಿ ಇಲ್ಲದ ಅವಧಿ ಸಿಗುತ್ತದೆ. ಬಾಕಿ ಉಳಿಸಿಕೊಂಡವರಿಗೆ ಅದು ಇಲ್ಲ, ಇವತ್ತು ಖಡೇಬಜಾರದಲ್ಲಿ ಕಾರ್ಡ್ ಉಜ್ಜಿ ಕೊಂಡ ಚಪ್ಪಲಿಗೆ ಇವತ್ತಿನಿಂದಲೇ ಬಡ್ಡಿ. ಎಟಿಎಂನಿಂದ ಕ್ರೆಡಿಟ್ ಕಾರ್ಡಿನ ಮೇಲೆ ನಗದು ತೆಗೆದರೂ ಅಷ್ಟೇ, ಮೊದಲ ದಿನದಿಂದಲೇ ಬಡ್ಡಿ, ಮೇಲೆ ಶುಲ್ಕ ಬೇರೆ. ನಾನು ಇದನ್ನು ಪುಸ್ತಕ ಓದಿ ಕಲಿಯಲಿಲ್ಲ. ಬಂದ ವರ್ಷ ಒಂದು ಕಾರ್ಡಿನಿಂದ ನಗದು ತೆಗೆದು ಇನ್ನೊಂದು ಕಾರ್ಡಿನ ಮಿನಿಮಮ್ ಕಟ್ಟುತ್ತಿದ್ದೆ, ಅದನ್ನು ಜಾಣತನ ಅಂದುಕೊಂಡಿದ್ದೆ. ಗಣಪತಿಯಿಂದ ದೀಪಾವಳಿ ದಾಟುವವರೆಗೆ ಮೂರು ತಿಂಗಳು ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನಾಲ್ಕನೆಯ ತಿಂಗಳು ನನ್ನ ಹೆಂಡತಿ ಮೊಬೈಲ್‌ನಲ್ಲಿ ಶಾಲೆಯ ಮೆಸೇಜ್ ಹುಡುಕುತ್ತ ಬ್ಯಾಂಕಿನ ಮೆಸೇಜ್‌ಗಳ ಸಾಲು ನೋಡಿದಳು. ಬೈಯಲಿಲ್ಲ. ‘ಕುಂದರ್ರಿ, ಬರೀರಿ’ ಅಂತ ಮಗಳ ರಫ್ ನೋಟ್‌ಬುಕ್ ಮುಂದಿಟ್ಟಳು.

ಬಿಡಿಸಿಕೊಳ್ಳುವುದು

ಮೊದಲು ಕಾರ್ಡನ್ನು ಪಾಕೀಟಿನಿಂದ ಮಾತ್ರವಲ್ಲ, ಫೋನಿನಿಂದಲೂ ತೆಗೆಯಿರಿ. ಈಗ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದು. ಎಳನೀರಿಗೆ, ಆಟೋಗೆ ಸ್ಕ್ಯಾನ್ ಮಾಡಿದ್ದೂ ಸಾಲವೇ ಎಂಬುದು ತಿಂಗಳ ಕೊನೆಯವರೆಗೆ ನೆನಪಿಗೇ ಬರುವುದಿಲ್ಲ.

ಎರಡನೆಯದು, ಬಡ್ಡಿ ಕಡಿಮೆ ಇರುವ ಕಡೆ ಸಾಲವನ್ನು ಸಾಗಿಸಿ. ಬೆಳಗಾವಿಯಲ್ಲಿ ಪತ್ತಿನ ಸಂಘಗಳಿಗೆ, ಸೌಹಾರ್ದ ಸಹಕಾರಿಗಳಿಗೆ ಬರವಿಲ್ಲ. ಏಷ್ಯಾದಲ್ಲೇ ಮೊದಲನೆಯದು ಎನ್ನುವ ಕೃಷಿ ಪತ್ತಿನ ಸಹಕಾರಿ ಸಂಘ 1905ರಲ್ಲಿ ಹುಟ್ಟಿದ್ದು ಗದಗ ಬಳಿಯ ಕಣಗಿನಹಾಳದಲ್ಲಿ, ಹಾಗಾಗಿ ಈ ಭಾಗದ ಜನರಿಗೆ ಸಂಘದ ಮೆಟ್ಟಿಲು ಹತ್ತಲು ಸಂಕೋಚವಿಲ್ಲ, ನಿಮಗೂ ಬೇಡ. ನಿಮ್ಮ ಇಲಾಖೆಯದೇ ನೌಕರರ ಸಂಘ ಇದ್ದರೆ ಮೊದಲು ಅಲ್ಲಿ ಕೇಳಿ. ಅದೇ 60,000ವನ್ನು ಶೇ. 14ಕ್ಕೆ ಎರಡು ವರ್ಷಕ್ಕೆ ತೆಗೆದುಕೊಂಡರೆ ಕಂತು ಸುಮಾರು 2,880 ರೂಪಾಯಿ, ಒಟ್ಟು 69 ಸಾವಿರದ ಸುತ್ತ. ಕಾರ್ಡಿಗೆ ಕಟ್ಟುತ್ತಿದ್ದ ಮಿನಿಮಮ್‌ಗಿಂತ ಕಂತೇ ಕಡಿಮೆ. ಈ ಲೆಕ್ಕ ಹಾಕಿ ತೋರಿಸಿದಾಗ ಹೆಚ್ಚಿನವರು ಒಂದು ನಿಮಿಷ ಮಾತಾಡುವುದಿಲ್ಲ. ಬ್ಯಾಂಕಿನಲ್ಲಿ ಬಂಗಾರ ಒತ್ತೆ ಇಟ್ಟರೆ ಬಡ್ಡಿ ಇನ್ನೂ ಕಡಿಮೆ ಸಿಗಬಹುದು. ಆದರೆ ಬಿಡಿಸಿಕೊಳ್ಳುವ ತಾರೀಖನ್ನು ಮನೆಯಲ್ಲಿ ಇಬ್ಬರಿಗೂ ಕಾಣುವ ಕ್ಯಾಲೆಂಡರಿನಲ್ಲಿ ಬರೆದಿಟ್ಟೇ ಒತ್ತೆ ಇಡಿ.

ಎರಡು-ಮೂರು ಕಾರ್ಡಿದ್ದರೆ ಯಾವುದನ್ನು ಮೊದಲು ತೀರಿಸುವುದು? ಬಡ್ಡಿ ಜಾಸ್ತಿ ಇರುವುದನ್ನು ಎಂದು ಲೆಕ್ಕ ಹೇಳುತ್ತದೆ. ನನ್ನ ಅಭಿಪ್ರಾಯ ಬೇರೆ: ದರಗಳು ಹತ್ತಿರಹತ್ತಿರ ಇದ್ದರೆ ಸಣ್ಣ ಬಾಕಿಯದನ್ನು ಮೊದಲು ಮುಗಿಸಿ, ಆ ಕಾರ್ಡ್ ಮುಚ್ಚಿಸಿಬಿಡಿ. ಬಾಕಿ ಶೂನ್ಯವಾದ ಮೇಲೆ ನೀವು ಅರ್ಜಿ ಕೊಟ್ಟರೆ ಏಳು ಕೆಲಸದ ದಿನಗಳೊಳಗೆ ಬ್ಯಾಂಕು ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು.

ಬಿಲ್ ತಾರೀಖು ಪಗಾರಕ್ಕಿಂತ ನಾಲ್ಕು ದಿನ ಮೊದಲು ಬಿದ್ದು ಒದ್ದಾಡುವವರು ಬಹಳ. ಬಿಲ್ಲಿಂಗ್ ಅವಧಿಯನ್ನು ಬದಲಿಸಿಕೊಳ್ಳುವ ಅವಕಾಶ ಕನಿಷ್ಠ ಒಮ್ಮೆಯಾದರೂ ನಿಮಗಿದೆ, ಕಸ್ಟಮರ್ ಕೇರ್‌ಗೆ ಹೇಳಿದರಾಯಿತು. ಜೊತೆಗೇ ವಿಳಾಸವನ್ನೂ ಬದಲಿಸಿ, ಹಳೆ ಊರಿನ ಬಾಡಿಗೆ ಮನೆಗೆ ಹೊಸ ಕಾರ್ಡ್ ಹೋಗಿ ಬೀಳುವುದು ಬೇಡ. ಕೊನೆಯ ತಾರೀಖು ತಪ್ಪಿದರೆ ಗಾಬರಿಯಾಗಬೇಡಿ, ಮೂರು ದಿನದೊಳಗೆ ಕಟ್ಟಿದರೆ ತಡ ಶುಲ್ಕ ಹಾಕುವಂತಿಲ್ಲ.

ಅಂಗಡಿಯಲ್ಲಿ

‘ನೋ ಕಾಸ್ಟ್ ಇಎಂಐ’, ಅಂದರೆ ಬಡ್ಡಿ ಇಲ್ಲದ ಕಂತು, ಎಂಬ ಬೋರ್ಡ್ ಕಂಡಲ್ಲಿ ಒಂದೇ ಪ್ರಶ್ನೆ ಕೇಳಿ: ‘ನಗದು ಕೊಟ್ರ ಎಷ್ಟರೀ?’ ಎಷ್ಟೋ ಸಲ ಬೆಲೆ ಅಲ್ಲೇ ಇಳಿಯುತ್ತದೆ. ಆ ವ್ಯತ್ಯಾಸವೇ ಬಡ್ಡಿ. ಅದರ ಮೇಲೆ ಜಿಎಸ್‌ಟಿ, ಪ್ರೊಸೆಸಿಂಗ್ ಶುಲ್ಕ ನಿಮ್ಮ ಬಿಲ್ಲಿನಲ್ಲಿ ಆಮೇಲೆ ಬರುತ್ತವೆ. ತಿಂಗಳ ಕಿರಾಣಿಯನ್ನು ಆ್ಯಪ್‌ನಲ್ಲಿ ತರಿಸುವ ಬದಲು ರವಿವಾರ ಪೇಟೆಯ ಸಗಟು ಅಂಗಡಿಗಳಿಂದ ಚೀಟಿ ಹಿಡಿದು ತನ್ನಿ. ಶಹಾಪುರದ ಸೀರೆ ಅಂಗಡಿಗೆ ಕಾರ್ಡ್ ಮನೆಯಲ್ಲಿಟ್ಟು ಹೋಗಿ ಅಂತ ಹೇಳಿದರೆ ಮನೆಯಲ್ಲೇ ಜಗಳ ಎಂದು ಗೊತ್ತಿದೆ, ಆದರೂ ಹೇಳುತ್ತೇನೆ. ಇನ್ನು ಗೋವಾ. ಚೋರ್ಲಾ ಘಾಟ್ ಇಳಿದರೆ ಗೋವಾ ಅನ್ನುವುದೇ ಈ ಊರಿನ ಕಾರ್ಡುಗಳ ದೊಡ್ಡ ಕಾಯಿಲೆ. ಮೊದಲ ವರ್ಷ ಬಂದ ನೆಂಟರೆಲ್ಲ ಕೇಳುತ್ತಾರೆ. ಒಂದು ಸಲ ಹೋಗಿ, ಉಳಿದವರನ್ನು ಬೆಳಗಾವಿ ಕೋಟೆಯ ಕಮಲ ಬಸದಿಗೆ, ಗೋಕಾಕ ಫಾಲ್ಸ್‌ಗೆ ಕರೆದುಕೊಂಡು ಹೋಗಿ.

ಫೋನು ಬಂದರೆ

ವಸೂಲಿಯವರು ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ, ಬೈಯುವಂತಿಲ್ಲ, ನೆಂಟರಿಗೆ, ಆಫೀಸಿಗೆ ಫೋನ್ ಮಾಡಿ ಮಾನ ಕಳೆಯುವಂತಿಲ್ಲ. ಹಾಗೇನಾದರೂ ಮಾಡಿದರೆ ದಿನ, ಸಮಯ, ನಂಬರ್ ಬರೆದಿಟ್ಟು ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದೊಳಗೆ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು, ಖರ್ಚಿಲ್ಲ, ವಿಚಾರಿಸಲು 14448. ‘ಲಿಮಿಟ್ ಹೆಚ್ಚಿಸ್ತೀವಿ, ಒಟಿಪಿ ಹೇಳ್ರಿ’ ಎಂದವರಿಗೆ ಹೇಳಿಬಿಟ್ಟಿದ್ದರೆ ನಾಚಿಕೆಪಟ್ಟು ಕೂರಬೇಡಿ, ತಕ್ಷಣ ಕಾರ್ಡ್ ಬ್ಲಾಕ್ ಮಾಡಿಸಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಿಮ್ಮ ಸಾಲಗಳ ದಾಖಲೆಯಾದ ಕ್ರೆಡಿಟ್ ವರದಿಯನ್ನು, ಅದನ್ನು ಇಡುವ ಸಿಬಿಲ್ ಸೇರಿ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಉಚಿತವಾಗಿ ಕೊಡಬೇಕು. ಮುಚ್ಚಿಸಿದ ಕಾರ್ಡ್ ಅದರಲ್ಲಿ ಇನ್ನೂ ಚಾಲೂ ಎಂದೇ ಕಾಣುತ್ತಿದೆಯೇ ನೋಡಿಕೊಳ್ಳಿ.

ಆ ರಫ್ ನೋಟ್‌ಬುಕ್ ಇನ್ನೂ ನಮ್ಮ ಮನೆಯಲ್ಲಿದೆ. ಮುಂದಿನ ಪುಟಗಳಲ್ಲಿ ಮಗಳ ಭಾಗಾಕಾರ, ಹಿಂದಿನಿಂದ ನಮ್ಮ ಉದ್ರಿ. ತೀರಿಸಲು 22 ತಿಂಗಳು ಹಿಡಿಯಿತು. ಭಾನುವಾರ ಬೆಳಿಗ್ಗೆ ನಮ್ಮ ಸಂಘದ ಕೋಣೆ ತೆರೆದಿರುತ್ತದೆ, ಸ್ಟೇಟ್‌ಮೆಂಟಿನ ಮೊದಲ ಪುಟ ತನ್ನಿ, ಕಾರ್ಡ್ ನಂಬರನ್ನು ಪೆನ್ನಿನಿಂದ ಹೊಡೆದುಹಾಕಿ ತನ್ನಿ. ಗಂಡ-ಹೆಂಡತಿ ಇಬ್ಬರೂ ಬಂದರೆ ಲೆಕ್ಕ ಬೇಗ ಮುಗಿಯುತ್ತದೆ.