ಕೇಳಿ ಬರೆಯುವ ಚೀಟಿ: ರೋಗಿಯ ಆಚರಣೆಗೆ ಚಿಕಿತ್ಸೆ ಹೊಂದಿಸುವುದು ಹೇಗೆ

ಹೆಸರು ನೋಡಿ, ಹಣೆ ನೋಡಿ, ಬುರ್ಖಾ ನೋಡಿ ಪಥ್ಯದ ಚೀಟಿ ಬರೆಯುವ ಅಭ್ಯಾಸ ನಮ್ಮ ಆಸ್ಪತ್ರೆಗಳಲ್ಲಿ ಹಳೆಯದು. 'ಮುಸ್ಲಿಮರ ಮನೆ, ಮಾಂಸ ತಿಂತಾರೆ, ಪ್ರೋಟೀನಿಗೇನು ಕೊರತೆ' ಅಂದುಕೊಂಡು ಬರೆದ ಚೀಟಿ, ತಿಂಗಳಿಗೊಮ್ಮೆ ಮಾಂಸ ತರುವುದೂ ಕಷ್ಟವಾದ ಮನೆಗೆ ಹೋಗುತ್ತದೆ. ಅಪ್ಪಟ ಸಸ್ಯಾಹಾರಿ ಎಂದುಕೊಂಡ ಮನೆಯ ಹುಡುಗ ಹಾಸ್ಟೆಲಿನಲ್ಲಿ ದಿನಾ ಮೊಟ್ಟೆ ತಿನ್ನುತ್ತಿರುತ್ತಾನೆ. ಜಾತಿ-ಧರ್ಮಗಳ ಪಟ್ಟಿ ಬಾಯಿಪಾಠ ಮಾಡಿಕೊಂಡರೆ ಈ ತಪ್ಪು ಇನ್ನೂ ಗಟ್ಟಿಯಾಗುತ್ತದೆ. ಎದುರಿಗೆ ಕೂತವರನ್ನೇ ಕೇಳಬೇಕು, ಬೇರೆ ದಾರಿಯಿಲ್ಲ.

ಏನು ಕೇಳಬೇಕು ಎನ್ನುವುದಕ್ಕೆ ಅಮೆರಿಕದ ಮನೋವೈದ್ಯ ಆರ್ಥರ್ ಕ್ಲೀನ್‌ಮನ್ ಮತ್ತು ಸಂಗಡಿಗರು 1978ರಲ್ಲಿ ಮುಂದಿಟ್ಟ ಪ್ರಶ್ನೆಗಳು ಇಂದಿಗೂ ಕೆಲಸಕ್ಕೆ ಬರುತ್ತವೆ. ನಮ್ಮ ಒಪಿಡಿಯ ಮಾತಿಗೆ ಇಳಿಸಿದರೆ ಹೀಗಿರುತ್ತವೆ: 'ಇದು ಯಾಕೆ ಬಂತು ಅಂತ ನಿಮಗನ್ನಿಸುತ್ತೆ? ಇಲ್ಲಿಗೆ ಬರೋ ಮುಂಚೆ ಏನೇನು ಮಾಡಿದ್ರಿ? ಮನೆಯಲ್ಲಿ ದೊಡ್ಡವರು ಏನಂತಾರೆ? ಇದರಲ್ಲಿ ನಿಮಗೆ ಯಾವುದು ಜಾಸ್ತಿ ಭಯ?' ಎರಡು-ಮೂರು ನಿಮಿಷದಲ್ಲಿ ಮುಗಿಯುತ್ತದೆ.

ಎರಡನೇ ಪ್ರಶ್ನೆಯಲ್ಲಿ ದನಿ ಮುಖ್ಯ. 'ನಾಟಿ ಔಷಧಿ ಮಾಡಿದ್ರಾ?' ಎಂದು ಹುಬ್ಬೇರಿಸಿ ಕೇಳಿದರೆ 'ಇಲ್ಲ ಸಾರ್' ಎಂಬ ಒಂದೇ ಉತ್ತರ. 'ಸರ್ಪಸುತ್ತಿಗೆ ಬಹಳ ಜನ ಮೊದಲು ಕೆಮ್ಮಣ್ಣು ಹಚ್ಚಿಸ್ಕೊಂಡು ಬರ್ತಾರೆ, ನೀವು ಎಷ್ಟು ದಿನ ಹಚ್ಚಿದ್ರಿ?' ಎಂದು ಕೇಳಿ. ನಿಮಗೆ ಬೇಕಾದದ್ದು ದಿನದ ಲೆಕ್ಕ, ಏಕೆಂದರೆ ವೈರಸ್ ವಿರುದ್ಧದ ಮಾತ್ರೆ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲ ಕೊಡುತ್ತದೆ. ಕಾಮಾಲೆಯ ಕೂಸಿಗೆ ಬರೆ ಹಾಕಿಸಿಕೊಂಡು ಬಂದ ಅಜ್ಜಿಯನ್ನು ವಾರ್ಡಿನ ನಡುವೆ ನಿಲ್ಲಿಸಿ ಬೈದರೆ ಆ ಮನೆಯ ಮುಂದಿನ ಕೂಸು ಆಸ್ಪತ್ರೆಗೇ ಬರುವುದಿಲ್ಲ. ಮೊದಲು ಗಾಯಕ್ಕೆ ಔಷಧ, ಕಾಮಾಲೆಗೆ ಚಿಕಿತ್ಸೆ. ಬುದ್ಧಿಮಾತು ಕೂಸು ಹಾಲು ಕುಡಿಯತೊಡಗಿದ ಮೇಲೆ.

ಬಾಣಂತನ

ಅತಿ ಹೆಚ್ಚು ಜಟಾಪಟಿ ನಡೆಯುವುದು ಇಲ್ಲಿಯೇ. ಬಾಣಂತಿಗೆ ನೀರು ಕಡಿಮೆ, ಸೊಪ್ಪು-ತರಕಾರಿ ಶೀತ, ಕೆಲವು ಬೇಳೆ ವಾಯು, ಕುಂಬಳ-ಬದನೆ ನಂಜು. ಉಳಿಯುವುದು ಅನ್ನ, ಮೆಣಸು-ಬೆಳ್ಳುಳ್ಳಿ ಸಾರು, ತುಪ್ಪ. ಮನೆಮನೆಗೂ ಪಟ್ಟಿ ಬದಲಾಗುತ್ತದೆ. ಉತ್ತರ ಕರ್ನಾಟಕದ ಅಂಟಿನುಂಡೆ, ಒಣಕೊಬ್ಬರಿ, ಖಾರದ ಅಡುಗೆ ಒಂದು ರೀತಿ, ಕರಾವಳಿಯ ಕಷಾಯ-ಲೇಹ್ಯ ಇನ್ನೊಂದು ರೀತಿ.

ಎಲ್ಲವನ್ನೂ ಒಂದೇ ಏಟಿಗೆ ಅಲ್ಲಗಳೆಯಬೇಡಿ. ಮೂರು ಗುಂಪು ಮಾಡಿಕೊಳ್ಳಿ. ಒಳ್ಳೆಯದು: ತಾಯಿಗೆ ವಿಶ್ರಾಂತಿ, ಮೈಗೆ ಎಣ್ಣೆ, ಅಂಟಿನುಂಡೆ, ಇವನ್ನು ಬಾಯಿ ತುಂಬ ಹೊಗಳಿ. ನಿರಪಾಯ: ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ದೃಷ್ಟಿಬೊಟ್ಟು (ಕಾಡಿಗೆ ಕಣ್ಣಿಗೆ ಬೇಡ, ಅಂಗಾಲಿಗೆ ಇಡಲಿ). ಅಪಾಯದವು: ನೀರು ತಡೆಯುವುದು, ಬರೀ ಅನ್ನ, ಮೊದಲ ಗಿಣ್ಣುಹಾಲು ಹಿಂಡಿ ಚೆಲ್ಲುವುದು, ಕೂಸಿನ ಬಾಯಿಗೆ ಹರಳೆಣ್ಣೆ, ಮುಚ್ಚಿದ ಕೋಣೆಯಲ್ಲಿ ಹೊಗೆ. ನಿಮ್ಮ ವಾದವೆಲ್ಲ ಈ ಮೂರನೇ ಗುಂಪಿಗೆ ಮೀಸಲಾಗಿರಲಿ.

ನೀರಿನ ವಿಷಯ ಸಣ್ಣದಲ್ಲ. ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಹೇಗೂ ಹೆಚ್ಚಿರುತ್ತದೆ. ಮೈಯಲ್ಲಿ ನೀರೂ ಇಂಗಿದರೆ ಮಿದುಳಿನ ಸಿರೆಯಲ್ಲಿ ಗಡ್ಡೆ ಕಟ್ಟಬಹುದು. ಬಾಣಂತಿ ದಿನೇ ದಿನೇ ಏರುವ ತಲೆನೋವು ಎಂದರೆ, ಜೊತೆಗೆ ಫಿಟ್ಸ್ ಬಂದರೆ, 'ಗಾಳಿ ಸೋಂಕಿದೆ' ಎಂದು ಮನೆಯವರು ಮಂತ್ರಿಸಲು ಕರೆದೊಯ್ಯುವ ಮೊದಲು ಸ್ಕ್ಯಾನ್ ಆಗಬೇಕು. ಬರೀ ಅನ್ನದ ಅಪಾಯ ಕೂಸಿನಲ್ಲಿ ಕಾಣುತ್ತದೆ. ಪಾಲಿಶ್ ಅಕ್ಕಿಯನ್ನು ಗಂಜಿ ಬಸಿದು ಉಣ್ಣುವ ತಾಯಿಯ ಹಾಲಿನಲ್ಲಿ ಥಯಮಿನ್ (ವಿಟಮಿನ್ ಬಿ1) ಇಳಿದು, ಎರಡು-ನಾಲ್ಕು ತಿಂಗಳ ಕೂಸು ದನಿ ಕಟ್ಟಿ, ಏದುಸಿರು ಬಿಡುತ್ತಾ ಹೃದಯ ಸೋತ ಸ್ಥಿತಿಯಲ್ಲಿ ಬರುತ್ತದೆ. ಇಂಥ ಕೂಸುಗಳನ್ನು ಕರ್ನಾಟಕದ ವೈದ್ಯರೂ ಕಂಡಿದ್ದಾರೆ. ತಾಯಿ ಏನು ಉಣ್ಣುತ್ತಾಳೆಂದು ಕೇಳದಿದ್ದರೆ ಇದು ನ್ಯುಮೋನಿಯಾದಂತೆಯೇ ಕಾಣುತ್ತದೆ. ಕೇಳಿ, ಥಯಮಿನ್ ಚುಚ್ಚಿದರೆ ಗಂಟೆಗಳಲ್ಲೇ ಚೇತರಿಕೆ ಶುರುವಾಗಬಹುದು.

ಮಾತುಕತೆ ಬಾಣಂತಿಯ ಜೊತೆಗಲ್ಲ, ಅಡುಗೆಮನೆ ಯಾರ ಕೈಯಲ್ಲಿದೆಯೋ ಅವರ ಜೊತೆ. ಸಾಮಾನ್ಯವಾಗಿ ತಾಯಿ ಅಥವಾ ಅತ್ತೆ. 'ಅಜ್ಜಿ, ತಣ್ಣೀರು ಬೇಡ ಅಂದ್ರಿ, ಬೇಡ ಬಿಡಿ. ಕಾಯಿಸಿದ ನೀರು, ಜೀರಿಗೆ ನೀರು, ನಿಮ್ಮ ಮೆಣಸಿನ ಸಾರು ಕೊಡಿ. ಈ ಲೋಟದಲ್ಲಿ ದಿನಕ್ಕೆ ಹನ್ನೆರಡು.' ಲೋಟವನ್ನು ಕೈಯಲ್ಲಿ ಹಿಡಿದು ತೋರಿಸಿ. 200 ಮಿಲಿ ಲೋಟವಾದರೆ ಹತ್ತಿರ ಎರಡೂವರೆ ಲೀಟರ್ ಆಯಿತು. ಸೊಪ್ಪಿಗೂ ಇದೇ ಉಪಾಯ: 'ಯಾವ ಸೊಪ್ಪು ಆಗುತ್ತೆ?' ಎಂದು ಕೇಳಿದರೆ ಸಬ್ಬಸಿಗೆಯೋ ಮೆಂತ್ಯವೋ ಅವರ ಪಟ್ಟಿಯಲ್ಲೇ ಸಿಗುತ್ತದೆ. ಬೇಳೆಗೆ ಹೆಸರುಬೇಳೆಯಿಂದ ಶುರು ಮಾಡಿ.

ಕಬ್ಬಿಣದ ಮಾತ್ರೆ 'ಉಷ್ಣ' ಎಂದು ಮೂಲೆ ಸೇರುತ್ತದೆ. ಸರ್ಕಾರದ ಕಾರ್ಯಕ್ರಮದಲ್ಲಿ ಹೆರಿಗೆಯ ನಂತರವೂ 180 ದಿನ, ದಿನಕ್ಕೊಂದು; ಅದರಲ್ಲಿ 60 ಮಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಹೊಟ್ಟೆ ಉರಿ ಎನ್ನುವವರು ರಾತ್ರಿ ಊಟದ ನಂತರ ನುಂಗಲಿ. ಟೀ ಒಂದು ಗಂಟೆ, ಕ್ಯಾಲ್ಸಿಯಂ ಮಾತ್ರೆ ಎರಡು ಗಂಟೆ ದೂರವಿರಲಿ. ಮಲ ಕಪ್ಪಾಗುತ್ತದೆ ಎಂದು ಮೊದಲೇ ಹೇಳದಿದ್ದರೆ ಮೂರನೇ ದಿನಕ್ಕೆ ಮಾತ್ರೆ ನಿಲ್ಲುತ್ತದೆ.

ಉಪವಾಸ, ರೋಜಾ ಮತ್ತು ಸಕ್ಕರೆ ಕಾಯಿಲೆ

'ಉಪವಾಸ ಮಾಡಬೇಡಿ' ಎಂದು ಬರೆದರೆ ರೋಗಿ ಹೇಳದೇ ಮಾಡುತ್ತಾರೆ, ಅಷ್ಟೇ ವ್ಯತ್ಯಾಸ. ರಂಜಾನಿಗೆ 6ರಿಂದ 8 ವಾರ ಮೊದಲೇ ಮಾತಾಡಿ. ಟೈಪ್ 1 ಇರುವವರು, ಗರ್ಭಿಣಿಯರು, ಈಚೆಗೆ ಕೀಟೋಅಸಿಡೋಸಿಸ್ (ಸಕ್ಕರೆ ಏರಿ ರಕ್ತ ಆಮ್ಲವಾಗುವ ತುರ್ತು ಸ್ಥಿತಿ) ಆದವರು, ಸಕ್ಕರೆ ಇಳಿದರೂ ಗೊತ್ತಾಗದವರು ರೋಜಾ ಹಿಡಿಯದಿರುವುದೇ ಕ್ಷೇಮ. ಕಾಯಿಲೆಯವರಿಗೆ ಧರ್ಮದಲ್ಲೇ ವಿನಾಯಿತಿ ಇದೆ. ಅದನ್ನು ಡಾಕ್ಟರಿಗಿಂತ ಮಸೀದಿಯ ಇಮಾಮರು ಹೇಳಿದರೆ ನಾಟುತ್ತದೆ.

ಉಳಿದವರಿಗೆ ವೈದ್ಯರು ಔಷಧದ ಹೊತ್ತು ಬದಲಿಸಬೇಕು. ಎರಡು ಹೊತ್ತಿನ ಮೆಟ್‌ಫಾರ್ಮಿನ್ ಇಫ್ತಾರ್ (ಸಂಜೆ ರೋಜಾ ಬಿಡುವ ಊಟ) ಮತ್ತು ಸಹರಿಗೆ (ನಸುಕಿನ ಊಟ) ಬರುತ್ತದೆ. ಎರಡು ಹೊತ್ತಿನ ಗ್ಲಿಮೆಪಿರೈಡ್‌ನಂಥ ಮಾತ್ರೆಯ ಸಹರಿ ಡೋಸ್ ತಗ್ಗಬೇಕು. ಹಳೆಯ ಗ್ಲಿಬೆನ್‌ಕ್ಲಮೈಡ್ ಇದ್ದರೆ ಬದಲಾಯಿಸಿ. ದಿನಕ್ಕೊಂದು ಬಾರಿಯ ದೀರ್ಘಾವಧಿ ಇನ್ಸುಲಿನ್ ಅನ್ನು ಸಾಮಾನ್ಯವಾಗಿ ಶೇ. 15-30 ಇಳಿಸಿ ಇಫ್ತಾರಿಗೆ ಕೊಡುತ್ತಾರೆ. ಬೆರಳು ಚುಚ್ಚಿ ಸಕ್ಕರೆ ನೋಡಿದರೆ ರೋಜಾ ಮುರಿಯುವುದಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಿ, ಮುರಿಯುತ್ತದೆ ಎಂದುಕೊಂಡೇ ಹಲವರು ನೋಡಿಕೊಳ್ಳುವುದಿಲ್ಲ. ಸಕ್ಕರೆ 70 ಮಿಗ್ರಾಂ/ಡೆಸಿಲೀಟರ್‌ಗಿಂತ ಕೆಳಗೆ ಅಥವಾ 300ಕ್ಕಿಂತ ಮೇಲೆ ಹೋದರೆ ಆ ಕ್ಷಣ ರೋಜಾ ಬಿಡಬೇಕು, ಇಫ್ತಾರಿಗೆ ಅರ್ಧ ಗಂಟೆಯಷ್ಟೇ ಉಳಿದಿದ್ದರೂ.

ಹಿಂದೂ ಮನೆಗಳ ಉಪವಾಸದಲ್ಲಿ ಒಬ್ಬರಿಗೆ ಏಕಾದಶಿ ಎಂದರೆ ನೀರೂ ಇಲ್ಲ. ಇನ್ನೊಬ್ಬರ ಶನಿವಾರದ ಒಪ್ಪತ್ತಿನಲ್ಲಿ ರಾತ್ರಿ ಊಟದ ಬದಲು ಉಪ್ಪಿಟ್ಟು, ಅವಲಕ್ಕಿ, ಬಾಳೆಹಣ್ಣು, ಸಾಬಕ್ಕಿ ಪಾಯಸ. ಮೊದಲನೆಯವರ ಸಕ್ಕರೆ ಬೀಳುತ್ತದೆ, ಎರಡನೆಯವರದು ಏರುತ್ತದೆ. ಹಾಗಾಗಿ 'ಉಪವಾಸ ಇರ್ತೀರಾ?' ಎಂದು ಕೇಳಿ ಮುಗಿಸದೆ, 'ಅವತ್ತು ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ತಗೋತೀರಾ?' ಎಂದು ಕೇಳಬೇಕು.

ಆಪರೇಷನ್‌ಗೆ ಮುನ್ನ

ತಾಳಿ, ಕಾಲುಂಗುರ, ಇಷ್ಟಲಿಂಗ ತೆಗೆಯುವ ಮಾತು ಥಿಯೇಟರ್ ಬಾಗಿಲಲ್ಲಿ ಎತ್ತಬೇಡಿ. ಹಿಂದಿನ ಸಂಜೆಯೇ ಹೇಳಿ. ತಾಳಿಯ ಬದಲು ಅರಿಶಿನದ ಕೊಂಬು ಕಟ್ಟಿದ ಹಳದಿ ದಾರ ಬಹುತೇಕ ಮನೆಯವರಿಗೆ ಒಪ್ಪಿಗೆಯಾಗುತ್ತದೆ, ಆದರೆ ದಾರ ತರಲು ಅವರಿಗೆ ರಾತ್ರಿ ಸಮಯ ಬೇಕು. ಇಷ್ಟಲಿಂಗವನ್ನು ಸಿಬ್ಬಂದಿ ಮುಟ್ಟಬಾರದು. ರೋಗಿಯೇ ತೆಗೆದು, ತಾವು ಹೇಳಿದವರ ಕೈಗೆ ಕೊಡಲಿ. ಇಷ್ಟಲಿಂಗವಿಡುವ ಬೆಳ್ಳಿಯ ಕರಡಿಗೆ ಎಂಆರ್‌ಐ ಕೋಣೆಯೊಳಗೆ ಹೋಗುವಂತಿಲ್ಲ. ಕಾರಣ ವಿವರಿಸಿದರೆ ಯಾರೂ ಹಟ ಮಾಡುವುದಿಲ್ಲ. ಸರ್ರನೆ ಬಿಚ್ಚಿ ಟ್ರೇಗೆ ಹಾಕುವುದೇ ಜಗಳದ ಮೂಲ.

ಭಾಷೆ ಬಾರದಾಗ

ಒಡಿಶಾ, ಅಸ್ಸಾಂ, ಬಿಹಾರದಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದವರ ಹತ್ತು ವರ್ಷದ ಮಗನನ್ನು ದುಭಾಷಿ ಮಾಡಬೇಡಿ. ಅಮ್ಮನ ಬಿಳಿಸೆರಗಿನ ಪ್ರಶ್ನೆಯನ್ನು ಅವನು ಕೇಳುವುದಿಲ್ಲ, ಅವಳು ಹೇಳುವುದಿಲ್ಲ. ಆಸ್ಪತ್ರೆಯ ಸಿಬ್ಬಂದಿಯಲ್ಲಿ ಯಾರಿಗೆ ಯಾವ ಭಾಷೆ ಬರುತ್ತದೆಂಬ ಪಟ್ಟಿ, ಫೋನ್ ನಂಬರ್ ಸಮೇತ, ನರ್ಸಿಂಗ್ ಸ್ಟೇಷನ್ನಿನಲ್ಲಿ ಅಂಟಿಸಿ. ಹೇಳಿದ್ದು ಮುಟ್ಟಿತೇ ಎಂದು ತಿಳಿಯಲು 'ಅರ್ಥವಾಯ್ತಾ?' ಸಾಲದು, 'ಮನೆಗೆ ಹೋಗಿ ಈ ಮಾತ್ರೆ ಹೇಗೆ ಕೊಡ್ತೀರಿ, ತೋರಿಸಿ' ಎನ್ನಿ.

ತಿಳಿದದ್ದನ್ನು ಕೇಸ್ ಶೀಟಿನಲ್ಲಿ ಬರೆಯದಿದ್ದರೆ ರಾತ್ರಿ ಪಾಳಿಯವರು ಮತ್ತೆ ಮೊದಲಿನಿಂದ ಕೇಳುತ್ತಾರೆ, ಇಲ್ಲವೇ ಕೇಳುವುದೇ ಇಲ್ಲ. 'ಹಿಂದೂ, ಸಸ್ಯಾಹಾರಿ' ಎಂಬ ಟಿಪ್ಪಣಿಯಿಂದ ಉಪಯೋಗವಿಲ್ಲ. 'ಮೊಟ್ಟೆ ಬೇಡ, ಹಾಲು ಆಗಬಹುದು. ಶನಿವಾರ ಒಪ್ಪತ್ತು, ರಾತ್ರಿ ಉಪ್ಪಿಟ್ಟು. ಅಡುಗೆ ಅತ್ತೆಯದು, ಅವರೊಂದಿಗೆ ಮಾತಾಡಿದೆ. ದಿನಕ್ಕೆ 12 ಲೋಟ ಬಿಸಿನೀರಿಗೆ ಒಪ್ಪಿದ್ದಾರೆ' ಎಂದು ಬರೆದು, ದಿನಾಂಕ ಹಾಕಿ ಸಹಿ ಮಾಡಿ.