ಆಲಿಕಲ್ಲು ಬಿದ್ದ ದ್ರಾಕ್ಷಿ ತೋಟ: ಮೊದಲು ಔಷಧಿ, ಆಮೇಲೆ ಕತ್ತರಿ

ಆಲಿಕಲ್ಲು ಮಳೆ ನಿಂತ ಮೇಲೆ ತೋಟಕ್ಕೆ ಕಾಲಿಟ್ಟರೆ ಹರಿದ ಎಲೆ, ಮುರಿದ ಚಿಗುರು, ಒಡೆದ ಕಾಯಿ. ಕೈ ತಾನಾಗಿ ಕತ್ತರಿಯ ಕಡೆ ಹೋಗುತ್ತದೆ. ನಾನು ಮಾತ್ರ ಆ ದಿನ ಕತ್ತರಿ ಮುಟ್ಟಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ಮೊದಲು ಪ್ರತಿ ಸಾಲಿನ ಫೋಟೊ ತೆಗೆದು ವಿಮೆಯವರಿಗೆ ಸುದ್ದಿ ಮುಟ್ಟಿಸಿದೆ. ಏನನ್ನಾದರೂ ಸರಿಪಡಿಸುವ ಮುಂಚೆಯೇ ಇದು ಆಗಬೇಕು. ನಿಂತ ನೀರಿಗೆ ಕಾಲುವೆ ಬಿಡಿಸಿದೆವು. ಗಾಳಿಗೆ ಒಂದು ಕಡೆ ಸಾಲೇ ವಾಲಿತ್ತು. ಅದನ್ನು ಒಂದೇ ಸಲ ಎಳೆದು ನಿಲ್ಲಿಸಿದರೆ ಉಳಿದ ಚಿಗುರೂ ಮುರಿಯುತ್ತದೆ. ಹಾಗಾಗಿ ತಂತಿ ಸಡಿಲ ಮಾಡಿ, ಕಂಬಕ್ಕೆ ಊರುಗೋಲು ಕೊಟ್ಟು, ಸ್ವಲ್ಪ ಸ್ವಲ್ಪವೇ ಎತ್ತಿದೆವು. ತಡ ಮಾಡುವ ಹಾಗೂ ಇರಲಿಲ್ಲ, ಮಲಗಿದ ಬಳ್ಳಿಯ ತುದಿಗಳು ಬೇಗ ಬೆಳಕಿನ ಕಡೆ ತಿರುಗಿಬಿಡುತ್ತವೆ.

ಅವತ್ತಿನ ದೊಡ್ಡ ಕೆಲಸ ಔಷಧಿ ಹೊಡೆಯುವುದು. ಬಿಳಿ ಕೊಳೆ ರೋಗದ ಶಿಲೀಂಧ್ರ ಮಣ್ಣಿನಲ್ಲೇ ಕೂತಿರುತ್ತದೆ. ಮಳೆಹನಿಯ ಜೊತೆ ಸಿಡಿದ ಮಣ್ಣಿನಲ್ಲಿ ಮೇಲೆ ಬಂದು, ಆಲಿಕಲ್ಲು ಮಾಡಿದ ಗಾಯದಿಂದ ಕಾಯಿಯ ಒಳಗೆ ಇಳಿಯುತ್ತದೆ. ಬೆಚ್ಚಗಿದ್ದರೆ ಇದಕ್ಕೆ ಜಾಸ್ತಿ ಹೊತ್ತು ಬೇಡ. ಅದಕ್ಕೇ 24 ಗಂಟೆ ದಾಟುವ ಮೊದಲು ಕ್ಯಾಪ್ಟಾನ್ ಎಂಬ ಶಿಲೀಂಧ್ರನಾಶಕ ಹೊಡೆದೆವು, ಗೊನೆ ಪೂರ್ತಿ ನೆನೆಯುವ ಹಾಗೆ. ನಿಮ್ಮಲ್ಲಿ ದ್ರಾಕ್ಷಿಗೆ ಯಾವುದಕ್ಕೆ ಅನುಮತಿ ಇದೆ, ಹೊಡೆದ ಮೇಲೆ ಕೊಯ್ಲಿಗೆ ಎಷ್ಟು ದಿನ ಬಿಡಬೇಕು ಎಂಬುದನ್ನು ಡಬ್ಬಿಯ ಮೇಲೆ ಓದಿಕೊಂಡೇ ಹೊಡೆಯಿರಿ.

ಕಾಯಿ ಯಾವ ಹಂತದಲ್ಲಿದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ನಮ್ಮ ತೋಟದಲ್ಲಿ ಕಾಯಿ ಇನ್ನೂ ಹಸಿರು, ಗಟ್ಟಿ. ಕೆಲವು ದಿನ ಬಿಟ್ಟು ಪೆಟ್ಟು ತಿಂದ ಒಂದು ಕಾಯಿ ಕೊಯ್ದು ನೋಡಿದೆ. ಮೇಲೆ ಕಂದು ಕಲೆ, ಅದರ ಕೆಳಗೆ ಬೆಂಡಿನಂಥ ಒಣ ಪದರ, ಒಳಗೆ ಬೀಜ, ತಿರುಳು ಎರಡೂ ಚೆನ್ನಾಗಿದ್ದವು. ಪೂರ್ತಿ ಒಡೆದ ಕಾಯಿಗಳು ಒಣಗಿ ತಾವೇ ಉದುರಿದವು. ಅಷ್ಟು ಸಣ್ಣ ಗಾಯಕ್ಕೆ ಗೊನೆಯನ್ನೇ ತೆಗೆದು ಹಾಕುವುದು ಅನ್ಯಾಯ ಅಲ್ವಾ? ಬಣ್ಣ ತಿರುಗಿ ಸಕ್ಕರೆ ಏರಿದ ಮೇಲಾದರೆ ಮಾತೇ ಬೇರೆ. ಆಗ ಗಾಯದಿಂದ ರಸ ಸೋರುತ್ತದೆ, ಹಣ್ಣುನೊಣ ಮುತ್ತುತ್ತದೆ, ಹುಳಿ ಕೊಳೆ ಪಕ್ಕದ ಕಾಯಿಗೂ ಹಬ್ಬುತ್ತದೆ. ಅಂಥ ಗೊನೆಯನ್ನು ತಡ ಮಾಡದೆ ತೆಗೆಯಬೇಕು, ಅಥವಾ ಆದಷ್ಟು ಬೇಗ ಕೊಯ್ಲು ಮುಗಿಸಬೇಕು.

ಹರಿದ ಎಲೆಯನ್ನೂ ನಾನು ಕೀಳಲಿಲ್ಲ. ಅರ್ಧ ಎಲೆಯೂ ಬಳ್ಳಿಗೆ ಊಟ ಮಾಡಿಕೊಡುತ್ತದೆ, ಗೊನೆಗೆ ನೆರಳೂ ಆಗುತ್ತದೆ. ಎಲೆ ಪೂರ್ತಿ ಹೋದ ಕಡೆ ಬಿಸಿಲು ನೇರವಾಗಿ ಬಿದ್ದು ಕಾಯಿ ಸುಡುತ್ತಿತ್ತು. ಅಲ್ಲಿ ತೆಳು ನೆರಳು ಬಟ್ಟೆ ಕಟ್ಟಿದೆವು. ಬೇಗ ಚಿಗುರಲಿ ಅಂತ ಯೂರಿಯಾ ಸುರಿಯುವವರಿದ್ದಾರೆ, ದಯವಿಟ್ಟು ಬೇಡ. ಎಳೆ ಚಿಗುರು ಸೊಕ್ಕಿ ಬಂದರೆ, ಎಳೆ ಎಲೆಗೆ ಬೇಗ ತಗಲುವ ಡೌನಿ ಎಂಬ ಬೂಜು ರೋಗಕ್ಕೆ ನಾವೇ ದಾರಿ ಮಾಡಿಕೊಟ್ಟ ಹಾಗೆ.

ಬಗಲ ಚಿಗುರು, ಅಂದರೆ ಎಲೆಯ ಕಂಕುಳಿಂದ ಬರುವ ಚಿಗುರು, ಎಲ್ಲಿಂದ ಹೊರಟಿತು ಎಂದು ಕಂಡ ಮೇಲೆ ಕತ್ತರಿ ತೆಗೆದುಕೊಂಡೆ. ಎಲ್ಲಿ ಕತ್ತರಿಸಬೇಕು ಎಂಬುದು ಆಗಲೇ ತಿಳಿಯುವುದು, ಮೊದಲ ದಿನ ಕತ್ತರಿ ಮುಟ್ಟದಿದ್ದದ್ದು ಅದಕ್ಕೇ. ಹೂ ಬಿಡುವ ಮುಂಚೆಯೇ ಆಲಿಕಲ್ಲು ಬಿದ್ದು ಚಿಗುರೆಲ್ಲ ನುಚ್ಚಾಗಿದ್ದರೆ ಬುಡದಲ್ಲಿ ಒಂದೆರಡು ಕಣ್ಣು (ಚಿಗುರೊಡೆಯುವ ಮೊಗ್ಗು) ಬಿಟ್ಟು ಕತ್ತರಿಸಬಹುದು, ಹೊಸ ಕಡ್ಡಿ ಬಲಿಯಲು ಕಾಲ ಇರುತ್ತದೆ. ನಮ್ಮದು ಆ ಹಂತ ದಾಟಿತ್ತು. ಹಾಗಾಗಿ ಮುರಿದು ನೇತಾಡುವ ತುದಿಗಳನ್ನಷ್ಟೇ ತೆಗೆದೆ. ಆದರೆ ಗೊನೆಗಳನ್ನು ಕಡಿಮೆ ಮಾಡಿದೆ, ಉಳಿದ ಎಲೆ ಎಷ್ಟನ್ನು ಸಾಕಬಲ್ಲದೋ ಅಷ್ಟೇ ಇಟ್ಟೆ. ಮನಸ್ಸಿಗೆ ಕಷ್ಟವಾಯಿತು. ಆದರೆ ಬರುವ ವರ್ಷದ ಹೂವಿನ ಮೊಳಕೆ ಈ ವರ್ಷದ ಕಣ್ಣಿನೊಳಗೇ ರೂಪ ಪಡೆಯುತ್ತಿರುತ್ತದೆ. ಈ ಸಲದ ನಾಲ್ಕು ಗೊನೆ ಆಸೆಗೆ ಆ ಕಡ್ಡಿಯನ್ನು ಬಡವಾಗಿಸಲು ನನಗೆ ಇಷ್ಟವಿರಲಿಲ್ಲ.

ಸವರುವ ಕಾಲ ಬಂದಾಗ ಕಡ್ಡಿ ಆರಿಸುವುದೇ ದೊಡ್ಡ ಕೆಲಸವಾಯಿತು. ಗಾಳಿ ಬೀಸಿದ ಕಡೆಯ ಕಡ್ಡಿಗಳಲ್ಲಿ ಗಾಯ ಜಾಸ್ತಿ. ಚಾಕುವಿನ ತುದಿಯಿಂದ ತೊಗಟೆ ಕೆರೆದು ನೋಡಿದೆ. ಹಸಿರು ಕಂಡರೆ ಇಟ್ಟುಕೊಂಡೆ, ಕಂದು ಬಣ್ಣ ಸುತ್ತಲೂ ಹಬ್ಬಿದ್ದರೆ ತೆಗೆದೆ. ಕೆಲವು ಕಣ್ಣು ಕುರುಡಾಗಿರಬಹುದು ಅಂತ ಎಂದಿಗಿಂತ ಸ್ವಲ್ಪ ಹೆಚ್ಚು ಕಡ್ಡಿ ಬಿಟ್ಟೆ. ಚಿಗುರೊಡೆದು ಗೊನೆ ಕಾಣಿಸಿಕೊಂಡ ಮೇಲೆ ಹೆಚ್ಚಾದದ್ದನ್ನು ಮುರಿದು ಹಾಕಿದೆವು.