ಮಲ್ಪೆಯ ಅಕ್ಕಂದಿರ ಜೊತೆ ಅಕ್ಷರ ಕಲಿಕೆ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮಲ್ಪೆಯಲ್ಲಿ ಮೀನು ಮಾರುವ ಹೆಂಗಸರಿಗೆ ಒಂದಿಷ್ಟು ಬಿಡುವು ಸಿಗುವುದು ಆಗಲೇ. ಹಾಗಾಗಿ ನಾನು ಅಕ್ಷರ ಕಲಿಸುವುದನ್ನು ಮಳೆಗಾಲದಲ್ಲೇ ಶುರು ಮಾಡುತ್ತೇನೆ. ಯಾವ ಹೊತ್ತಿಗೆ ಸೇರಬೇಕು ಅನ್ನುವುದನ್ನು ಅವರಿಗೇ ಬಿಡುತ್ತೇನೆ.

ಮೊದಲು ನೋಡುವುದು ಕಣ್ಣು. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಬಿಗಿಯಾಗುತ್ತಾ ಬರುತ್ತದೆ, ಹತ್ತಿರದ್ದು ಮಂಜಾಗುತ್ತದೆ. ಕನ್ನಡದಲ್ಲಂತೂ ವ, ಪ, ಷ ಇವುಗಳ ನಡುವೆ ಇರುವುದು ಸಣ್ಣ ಗೆರೆಯ ವ್ಯತ್ಯಾಸ. ಅದು ಕಾಣದಿದ್ದರೆ "ನನ್ನ ತಲೆಗೆ ಹತ್ತುವುದಿಲ್ಲ ಟೀಚರ್" ಅಂತ ಎದ್ದು ಹೋಗುತ್ತಾರೆ. ತಲೆಯದ್ದೇನೂ ತಪ್ಪಿಲ್ಲ! ಕಾಗದವನ್ನು ಕೈ ಚಾಚಿ ದೂರ ಹಿಡಿದವರನ್ನು ಮೊದಲು ಕಣ್ಣಿನ ಪರೀಕ್ಷೆಗೆ ಕಳಿಸುತ್ತೇನೆ. ಓದುವ ಕನ್ನಡಕ ಬಂದ ಮೇಲೆ ಅದೇ ಅಕ್ಕ ಮುಂದಿನ ಸಾಲಿಗೆ ಬಂದು ಕೂರುವುದನ್ನು ನೋಡಿದ್ದೇನೆ.

ಅ ಆ ಇ ಈ ಅಂತ ಸಾಲಾಗಿ ಹೋಗುವುದಿಲ್ಲ. ನಮ್ಮ ಶಾಲೆಗಳ ಒಂದನೇ ತರಗತಿಯಲ್ಲಿ ಬಳಸುವ ರ ಗ ಸ ದ ಅ ಕ್ರಮವೇ ಒಳ್ಳೆಯದು. ಐದೇ ಅಕ್ಷರಕ್ಕೆ ಸರ, ಅರಸ, ಗರಗಸ ಓದಬಹುದು, ಮುಖ್ಯವಾಗಿ ದರ ಓದಬಹುದು. ಮೀನಿನ ದರ ಅವರಿಗೆ ದಿನದ ಮಾತು ಅಲ್ವಾ? ವಿವರಿಸುವುದೆಲ್ಲ ತುಳುವಿನಲ್ಲೇ. ಆಮೇಲೆ ಬಂಗುಡೆ, ಬೂತಾಯಿ ಅನ್ನುವ ಮೀನಿನ ಹೆಸರುಗಳು, ಬಸ್ಸಿನ ಬೋರ್ಡಿನ ಉಡುಪಿ, ಕಟಪಾಡಿ.

ಲೆಕ್ಕದಲ್ಲಿ ಅವರೇ ನನಗಿಂತ ಚುರುಕು. ಕಿಲೋಗೆ 180ರಂತೆ ಮೂರೂವರೆ ಕಿಲೋಗೆ ಎಷ್ಟು ಅಂದರೆ ತಟ್ಟನೆ 630 ಅನ್ನುತ್ತಾರೆ. ಹೇಗೆ ಅಂತ ಕೇಳುತ್ತೇನೆ. "ಮೂರಕ್ಕೆ 540, ಅರ್ಧಕ್ಕೆ 90." ಅದನ್ನೇ ಹಾಗೆಯೇ ಬೋರ್ಡಿನ ಮೇಲೆ ಬರೆಯುತ್ತೇನೆ. ತಮ್ಮ ಲೆಕ್ಕವೇ ಬರಹದಲ್ಲಿ ಕಂಡಾಗ ಅಂಕಿಯ ಹೆದರಿಕೆ ಹೋಗುತ್ತದೆ. ಮಗ್ಗಿ ಬಾಯಿಪಾಠ ಮಾಡಿಸುವ ಅಗತ್ಯ ನನಗೆ ಕಂಡಿಲ್ಲ.

ಒಬ್ಬೊಬ್ಬರನ್ನೇ ಎಬ್ಬಿಸಿ ಓದಿಸುವುದಿಲ್ಲ. ಪಕ್ಕದಲ್ಲಿ ಸೊಸೆ ಕೂತಿರುವಾಗ ತಡವರಿಸುವುದು ಅತ್ತೆಗೆ ಬಹಳ ನೋವಿನ ವಿಷಯ. ಇಬ್ಬಿಬ್ಬರು ಸೇರಿ ಓದಲಿ, ತಪ್ಪನ್ನು ಅವರವರೇ ತಿದ್ದಿಕೊಳ್ಳಲಿ.

ಮನೆಗೆಲಸ ಅಂತ ಕಾಪಿ ಬರೆಸುವುದಿಲ್ಲ. ಮನೆಯಲ್ಲಿರುವ ಯಾವುದಾದರೂ ಕಾಗದ ತನ್ನಿ ಅನ್ನುತ್ತೇನೆ. ಕರೆಂಟ್ ಬಿಲ್ಲು, ಮದುವೆ ಕಾಗದ, ಸಂಘದ ಉಳಿತಾಯದ ಪುಸ್ತಕ, ಏನಾದರೂ ಆದೀತು. ಬಿಲ್ಲಿನಲ್ಲಿ ಕಟ್ಟಬೇಕಾದ ಮೊತ್ತ ಎಲ್ಲಿದೆ, ಕೊನೆಯ ದಿನ ಯಾವುದು ಅಂತ ಹುಡುಕುತ್ತೇವೆ. ಜಾಸ್ತಿ ಸಮಯ ಹೋಗುವುದು ಬ್ಯಾಂಕಿನ ಹಣ ತೆಗೆಯುವ ಚೀಟಿಗೆ. ಹೆಸರು, ಖಾತೆ ಸಂಖ್ಯೆ, ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ, ಕೊನೆಗೆ ಸಹಿ. ಆ ಚೀಟಿಯನ್ನು ಯಾರ ಸಹಾಯವೂ ಇಲ್ಲದೆ ತುಂಬುವವರೆಗೆ ಯಾರನ್ನೂ ನಾನು ಬಿಡುವುದಿಲ್ಲ.